ಕನ್ನಡಿಯಿಲ್ಲದ ದೂರದರ್ಶಕ

ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯಲ್ಲಿ ಕಬ್ಬು ನುರಿಸುವ ಹಂಗಾಮು ಮೊದಲಾಯಿತೆಂದರೆ ಹಗಲಿಗೂ ಇರುಳಿಗೂ ಹೆಚ್ಚಿನ ಭೇದ ಉಳಿಯುವುದಿಲ್ಲ. ಸುತ್ತಲಿನ ಹೊಲಗಳಿಂದ ಕಬ್ಬು ಹೇರಿಕೊಂಡ ಚಕ್ಕಡಿಗಳೂ ಟ್ರ್ಯಾಕ್ಟರುಗಳೂ ಒಂದರ ಹಿಂದೊಂದು ಬಂದು ಕಾರ್ಖಾನೆಯ ಹೊರಗೆ ಸಾಲುಗಟ್ಟಿ ನಿಲ್ಲುತ್ತವೆ. ಆ ಸೀಮೆಯ ಜನ ಕಾಟಾ ಎಂದು ಕರೆಯುವ ತೂಕದ ಯಂತ್ರದ ಮೇಲೆ ಒಂದು ಬಂಡಿ ಏರಿ ಇಳಿದ ಮೇಲೆಯೇ ಮತ್ತೊಂದಕ್ಕೆ ಅವಕಾಶ. ಗುಂಪಾಗಿ ಬಂದರೂ ಲೆಕ್ಕ ಮಾತ್ರ ಒಂದೊಂದರದೇ. ವರ್ಷವಿಡೀ ದುಡಿದವನ ಬದುಕು ಆ ಒಂದು ಗಳಿಗೆಯ ಎಣಿಕೆಯನ್ನು ನೆಚ್ಚಿಕೊಂಡಿರುವುದರಿಂದ, ಕಾಟಾ ಸತ್ಯವನ್ನೇ ಹೇಳಬೇಕು. ಸಾಲಿನಲ್ಲಿ ಕಾದು ಬೇಸತ್ತ ಮಗ, “ಯಪ್ಪಾ, ನಮ್ಮ ಪಾಳಿ ಯಾವಾಗ ಬರತೈತಿ?” ಎಂದು ಕೇಳುತ್ತಾನೆ. “ಮುಂದಿನವ ಸರದರ ನಮ್ದ” ಎಂದು ತಂದೆ ಕಂಬಳಿಯೊಳಗಿಂದಲೇ ಉತ್ತರಿಸುತ್ತಾನೆ. ಮುಂದಿನವನಾದರೋ ಬೇಗ ಸರಿಯುವುದಿಲ್ಲ. ಹುಡುಗ ಕಬ್ಬಿನ ಹೊರೆಯ ಮೇಲೆ ಅಂಗಾತ ಮಲಗಿ ಆಕಾಶ ನೋಡುತ್ತಾನೆ.

ಮಾರ್ಗಶಿರ, ಪುಷ್ಯ ಮಾಸಗಳ ನಡುರಾತ್ರಿಯ ಆಸುಪಾಸಿನಲ್ಲಿ ಆ ಹುಡುಗನ ನೆತ್ತಿಯ ಮೇಲೆ ವೃಷಭ ರಾಶಿ ಇರುತ್ತದೆ. ಕೆಂಪಗೆ ಹೊಳೆಯುವ ರೋಹಿಣಿ ಎತ್ತಿನ ಕಣ್ಣಾದರೆ ಅಲ್ಲಿಂದ ಚಾಚಿದ ಎರಡು ಕೊಂಬುಗಳ ತುದಿಗೆ ಒಂದೊಂದು ನಕ್ಷತ್ರವುಂಟು. ದಕ್ಷಿಣದ ಕೊಂಬಿನ ತುದಿಯ ಬಳಿ, ಬರಿಗಣ್ಣಿಗೆ ಏನೂ ತೋರದ ಎಡೆಯಲ್ಲಿ, ಏಡಿ ನೀಹಾರಿಕೆ ಎಂಬ ಧೂಳು ಮತ್ತು ಅನಿಲಗಳ ಮೋಡವಿದೆ. 1054ರಲ್ಲಿ ಚೀನ ದೇಶದ ಜ್ಯೋತಿಷಿಗಳು ಹಾಡಹಗಲಿನಲ್ಲಿಯೇ ಕಂಡು ಬರೆದಿಟ್ಟ ನಕ್ಷತ್ರ ಸ್ಫೋಟದ ಅವಶೇಷವೇ ಇದು. ಅದರ ನಡುವೆ, ಸೆಕೆಂಡಿಗೆ ಸುಮಾರು 30 ಸುತ್ತು ತಿರುಗುವ ಪುಟ್ಟದಾದರೂ ಅತಿ ಭಾರವಾದ ನಕ್ಷತ್ರವೊಂದು ಉಳಿದಿದೆ. ಗಾಮಾ ಕಿರಣಗಳನ್ನು ಕಾಣಬಲ್ಲ ಕಣ್ಣು ನಮಗಿದ್ದಿದ್ದರೆ, ಆಕಾಶದಲ್ಲಿ ಸದಾ ಬೆಳಗುವ ಅತ್ಯಂತ ಪ್ರಖರವಾದ ದೀಪಗಳಲ್ಲಿ ಅದೂ ಒಂದಾಗಿರುತ್ತಿತ್ತು. ಅಂಥ ಕಣ್ಣು ನಮಗಿಲ್ಲ. ಇದ್ದಿದ್ದರೂ ಸಮೀರವಾಡಿಯ ಹೊಲದಲ್ಲಿ ಮಲಗಿದವನಿಗೆ ಪ್ರಯೋಜನವಾಗುತ್ತಿರಲಿಲ್ಲ. ಏಕೆಂದರೆ ಆ ಕಿರಣಗಳು ನೆಲವನ್ನು ಮುಟ್ಟುವುದೇ ಇಲ್ಲ. ನಮ್ಮ ತಲೆಯ ಮೇಲಿರುವ ವಾಯುಮಂಡಲ ಎಷ್ಟು ತೆಳುವಾಗಿ ತೋರಿದರೂ, ತೂಕದಲ್ಲಿ ಅದು ಹತ್ತು ಮೀಟರ್ ಆಳದ ನೀರಿಗೆ, ಅಥವಾ ಒಂದು ಮೀಟರಿಗೆ ತುಸು ಕಡಮೆ ದಪ್ಪದ ಸೀಸದ ಗೋಡೆಗೆ ಸಮ. ಜೀವಿಗಳು ಬದುಕಿರುವುದು ಆ ಗೋಡೆಯ ಕೃಪೆಯಿಂದ. ಖಗೋಳ ವಿಜ್ಞಾನಿಗೆ ಮಾತ್ರ ಅದೇ ಅಡ್ಡಿ. ಆದುದರಿಂದ ಅವನು ತನ್ನ ಉಪಕರಣವನ್ನು ಗೋಡೆಯ ಆಚೆಗೆ, ಬಾಹ್ಯಾಕಾಶಕ್ಕೆ ಕಳುಹಿಸಬೇಕಾಗುತ್ತದೆ.

ಕಳುಹಿಸಬೇಕಾದ ಉಪಕರಣವಾದರೂ ಎಂಥದು? ದೂರದರ್ಶಕವೆಂದೊಡನೆ ಉದ್ದನೆಯ ಕೊಳವೆ, ಅದರೊಳಗೊಂದು ಮಸೂರ ಇಲ್ಲವೆ ನಿಮ್ನ ಕನ್ನಡಿ ಮನಸ್ಸಿಗೆ ಬರುತ್ತದೆ. ದೂರದಿಂದ ಬಂದ ಕ್ಷೀಣವಾದ ಬೆಳಕನ್ನು ಅಗಲವಾದ ಕನ್ನಡಿ ಒಂದು ಬಿಂದುವಿಗೆ ಕೂಡಿಸಿಕೊಡುತ್ತದೆ. ದೂರದರ್ಶಕದ ಶಕ್ತಿಯೆಲ್ಲ ಇರುವುದು ಈ ಕೂಡಿಸುವಿಕೆಯಲ್ಲಿ. ಗಾಮಾ ಕಿರಣ ಇದಕ್ಕೆ ಒಗ್ಗುವುದಿಲ್ಲ. ಅದರ ತರಂಗದ ಉದ್ದವು ಕನ್ನಡಿಯ ಪರಮಾಣುಗಳ ನಡುವಣ ಅಂತರಕ್ಕಿಂತ ಎಷ್ಟೋ ಕಿರಿದು. ಕಣ್ಣಿಗೆ ನುಣುಪಾದ ಕನ್ನಡಿ ಅದರ ಪಾಲಿಗೆ ಅಗಲ ಕಣ್ಣಿನ ಬಲೆ. ಕ್ಷಕಿರಣವನ್ನಾದರೂ, ಕನ್ನಡಿಯನ್ನು ಬಹಳ ಓರೆಯಾಗಿ ಹಿಡಿದು, ನೀರಿನ ಮೇಲೆ ಚಪ್ಪಟೆ ಕಲ್ಲನ್ನು ಜಾರಿಸುವಂತೆ ಜಾರಿಸಿ ಒಂದೆಡೆಗೆ ತರಬಹುದು. ಗಾಮಾ ಕಿರಣ ಅಷ್ಟಕ್ಕೂ ಮಣಿಯದೆ ಕನ್ನಡಿಯೊಳಗೆ ಹೊಕ್ಕು ಹೋಗಿಬಿಡುತ್ತದೆ.

ಇನ್ನೊಂದು ತೊಡಕಿದೆ. ಒಂದೊಂದು ಗಾಮಾ ಕಣದ ಶಕ್ತಿ ಬೆಳಕಿನ ಕಣದ ಶಕ್ತಿಯ ಲಕ್ಷಾಂತರ ಪಟ್ಟು. ಎಂತಲೇ ಸಂಖ್ಯೆಯಲ್ಲಿ ಅವು ತೀರ ವಿರಳ. ಬೆಳಕು ಮಳೆಯಂತೆ ಸುರಿದರೆ ಗಾಮಾ ಕಿರಣ ಆಗೊಂದು ಈಗೊಂದು ಬೀಳುವ ಹನಿಯಂತೆ. ಹನಿಗಳನ್ನು ಕೂಡಿಸಿ ಅಳೆಯಲಾಗದು. ಬಿದ್ದ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಹಿಡಿದು ಎಷ್ಟು ಹೊತ್ತಿಗೆ ಬಂತು, ಎಷ್ಟು ಬಲದಿಂದ ಬಂತು, ಸಾಧ್ಯವಾದರೆ ಯಾವ ದಿಕ್ಕಿನಿಂದ ಬಂತು ಎಂದು ಬರೆದುಕೊಳ್ಳಬೇಕು. ಇಲ್ಲಿ ದೂರದರ್ಶಕವು ಕನ್ನಡಿಯ ಸ್ವಭಾವವನ್ನು ಬಿಟ್ಟು ಕಾಟಾದ ಸ್ವಭಾವವನ್ನು ತಾಳುತ್ತದೆ.

ಗಾಮಾ ಕಿರಣವನ್ನು ತೂಗುವುದಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ಸಾಧನ ಹರಳು. ಸೀಸಿಯಂ ಅಯೊಡೈಡ್ ಎಂಬ ಲವಣವನ್ನು ಕರಗಿಸಿ, ಬೇರೊಂದು ಧಾತುವನ್ನು ಅತ್ಯಲ್ಪವಾಗಿ ಬೆರೆಸಿ, ನಿಧಾನವಾಗಿ ಹರಳುಗಟ್ಟಿಸುತ್ತಾರೆ. ನೋಡಲು ಅದು ಕಲ್ಲುಸಕ್ಕರೆಯ ದೊಡ್ಡ ಬಿಲ್ಲೆಯಂತೆ ಕಾಣುತ್ತದೆ. ಗಾಮಾ ಕಿರಣ ಅದನ್ನು ಹೊಕ್ಕು ತನ್ನ ಶಕ್ತಿಯನ್ನು ಚೆಲ್ಲಿದಾಗ ಹರಳಿನೊಳಗೆ ಸಣ್ಣ ಮಿಂಚೊಂದು ಮಿಣುಕುತ್ತದೆ. ಶಕ್ತಿ ಹೆಚ್ಚಾದಷ್ಟೂ ಮಿಣುಕು ದೊಡ್ಡದು. ಹರಳಿನ ಬೆನ್ನಿಗೆ ಅಂಟಿಸಿದ ಗಾಜಿನ ಕೊಳವೆ ಆ ಮಿಣುಕನ್ನು ವಿದ್ಯುತ್ತಾಗಿ ಮಾರ್ಪಡಿಸಿ ಲಕ್ಷಾಂತರ ಪಟ್ಟು ಹಿಗ್ಗಿಸುತ್ತದೆ. ಅಲ್ಲಿಂದ ಮುಂದೆ ಅದು ಬರಿಯ ಅಂಕಿ.

ಇಷ್ಟೇ ಆಗಿದ್ದರೆ ಕೆಲಸ ಸುಲಭವಾಗುತ್ತಿತ್ತು. ಆದರೆ ಹರಳಿಗೆ ವಿವೇಕವಿಲ್ಲ. ಯಾವುದು ತಗುಲಿದರೂ ಅದು ಮಿಣುಕುತ್ತದೆ. ಬಾಹ್ಯಾಕಾಶದಲ್ಲಿ ಗಾಮಾ ಕಿರಣಕ್ಕಿಂತ ಬಹುಪಾಲು ಹೆಚ್ಚಾಗಿ ಅದಕ್ಕೆ ತಗಲುವುದು ವಿಶ್ವಕಿರಣಗಳು, ಎಂದರೆ ಮಹಾವೇಗದಿಂದ ಹಾರಾಡುವ ಪ್ರೋಟಾನು ಮೊದಲಾದ ವಿದ್ಯುತ್ಕಣಗಳು. 1961ರ ಏಪ್ರಿಲ್ 27ರಂದು ಅಮೆರಿಕ ಹಾರಿಸಿದ ಎಕ್ಸ್‌ಪ್ಲೋರರ್-11 ಗಾಮಾ ಕಿರಣಗಳಿಗಾಗಿಯೇ ಮೇಲೇರಿದ ಮೊದಲ ಉಪಗ್ರಹ. ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಕ್ರೌಷಾರ್ ಮತ್ತು ಕ್ಲಾರ್ಕ್ ಅದರ ಉಪಕರಣವನ್ನು ರಚಿಸಿದ್ದರು. ತಿಂಗಳುಗಟ್ಟಲೆ ದುಡಿದ ಮೇಲೆ ಅದರ ಲೆಕ್ಕಕ್ಕೆ ಸಿಕ್ಕ ಗಾಮಾ ಕಿರಣಗಳು ಒಟ್ಟು 22. ಅದೇ ಅವಧಿಯಲ್ಲಿ ಅದು ಕಂಡು ತಳ್ಳಿಹಾಕಬೇಕಾದ ವಿಶ್ವಕಿರಣಗಳು ಸುಮಾರು 22,000. ಸಾವಿರ ಹಿಡಿ ರವದಿಯೊಳಗೆ ಕೈಯಾಡಿಸಿ ಒಂದು ಕಬ್ಬನ್ನು ಹುಡುಕಿದ ಹಾಗಾಯಿತು. ಕಬ್ಬಿನ ಒಣ ಎಲೆಗೆ ಮುಧೋಳದ ಕಡೆ ರವದಿ ಎನ್ನುತ್ತಾರೆ. ಅದನ್ನು ಸುಲಿಯದೆ ಕಬ್ಬಿಗೆ ಬೆಲೆಯಿಲ್ಲ. ಗಾಮಾ ದೂರದರ್ಶಕವನ್ನು ರಚಿಸುವವನ ಜಾಣ್ಮೆಯೂ, ಹಿಡಿಯುವುದಕ್ಕಿಂತ ಹೆಚ್ಚಾಗಿ ಬಿಡುವುದರಲ್ಲಿ ಖರ್ಚಾಗುತ್ತದೆ.

ಬಿಡುವುದಕ್ಕೆ ಒಂದು ಉಪಾಯವನ್ನು ಹೂಡುತ್ತಾರೆ. ಹರಳಿನ ಸುತ್ತ ವಿಶೇಷ ಪ್ಲಾಸ್ಟಿಕ್ಕಿನ ಕವಚವೊಂದನ್ನು ಕಟ್ಟುತ್ತಾರೆ. ವಿದ್ಯುತ್ಕಣ ಅದನ್ನು ದಾಟುವಾಗ ಕವಚವೂ ಮಿಣುಕುತ್ತದೆ. ಗಾಮಾ ಕಿರಣ ಸಾಮಾನ್ಯವಾಗಿ ಸದ್ದಿಲ್ಲದೆ ಒಳಗೆ ಬರುತ್ತದೆ. ಕವಚ, ಹರಳು ಎರಡೂ ಒಮ್ಮೆಗೇ ಮಿಣುಕಿದರೆ ಬಂದವನು ಬೇಡದ ಅತಿಥಿ. ಹರಳು ಮಾತ್ರ ಮಿಣುಕಿದರೆ ಬೇಕಾದವನು. ಬಾಗಿಲಲ್ಲಿ ನಾಯಿ ಬೊಗಳಿದರೆ ಬಂದವರು ಹೊರಗಿನವರು, ಸುಮ್ಮನಿದ್ದರೆ ಮನೆಯವರು ಎಂದು ಒಳಗಿದ್ದವರು ತಿಳಿಯುವುದಿಲ್ಲವೆ, ಹಾಗೆ. ಆದರೆ ಕಾವಲು ಅತಿಯಾದರೂ ಕಷ್ಟವೇ. 1991ರಲ್ಲಿ ಮೇಲೇರಿದ, ಸುಮಾರು 17 ಟನ್ ತೂಕದ ಕಾಂಪ್ಟನ್ ವೀಕ್ಷಣಾಲಯದಲ್ಲಿ ಎಗ್ರೆಟ್ ಎಂಬ ದೂರದರ್ಶಕವಿತ್ತು. ಅದರ ಕವಚ ಒಂದೇ ತುಂಡಿನ ಗುಮ್ಮಟ. ಅತಿ ಶಕ್ತಿಯುತವಾದ ಗಾಮಾ ಕಿರಣ ಒಳಗೆ ಬಡಿದಾಗ ಅದರಿಂದ ಚಿಮ್ಮಿದ ಚೂರುಗಳು ಹಿಂದಿರುಗಿ ಕವಚವನ್ನು ತಟ್ಟುತ್ತಿದ್ದವು, ಕವಚ ಬೊಗಳುತ್ತಿತ್ತು, ನಿಜವಾದ ಅತಿಥಿಯೇ ತಿರಸ್ಕೃತನಾಗುತ್ತಿದ್ದ. ಹೆಚ್ಚು ಅಮೂಲ್ಯವಾದ ಕಿರಣಗಳಿಗೇ ಹೆಚ್ಚು ಅಪಮಾನ! ಈ ಅನುಭವದಿಂದ ಕಲಿತು, 2008ರ ಜೂನ್ 11ರಂದು ಹಾರಿದ ಫರ್ಮಿ ದೂರದರ್ಶಕಕ್ಕೆ ಕವಚವನ್ನು 89 ಹಂಚುಗಳಾಗಿ ಸೀಳಿ ಜೋಡಿಸಿದರು. ಕಿರಣ ಬಂದ ದಾರಿಯಲ್ಲಿರುವ ಹಂಚು ಮಿಣುಕಿದರೆ ಮಾತ್ರ ಸಂಶಯ. ಆಚೆ ಮೂಲೆಯ ಹಂಚು ಮಿಣುಕಿದರೆ ಅದಕ್ಕೆ ಕಿವಿಗೊಡಬೇಕಾಗಿಲ್ಲ. ಗಾಮಾ ಕಿರಣ ಟಂಗ್‌ಸ್ಟನ್ ಹಾಳೆಯೊಂದಕ್ಕೆ ಬಡಿದು ಇಲೆಕ್ಟ್ರಾನು–ಪಾಸಿಟ್ರಾನುಗಳ ಜೋಡಿಯಾಗಿ ಒಡೆಯುತ್ತದೆ. ಆ ಜೋಡಿಯ ಹೆಜ್ಜೆಗಳನ್ನು ಸಿಲಿಕಾನ್ ಪಟ್ಟಿಗಳ ಮೇಲೆ ಗುರುತಿಸಿ, ಕಿರಣ ಯಾವ ಕಡೆಯಿಂದ ಬಂತೆಂದು ಫರ್ಮಿ ಹಿಂದಕ್ಕೆ ಗೆರೆ ಎಳೆಯುತ್ತದೆ. ಇಷ್ಟೆಲ್ಲ ಮಾಡಿದರೂ ಗುರಿ ಕೆಲವೊಮ್ಮೆ ಮಸುಕು. 1970ರ ದಶಕದಲ್ಲಿ ಮಿಥುನ ರಾಶಿಯಲ್ಲಿ ಪತ್ತೆಯಾದ ಗಾಮಾ ಮೂಲವೊಂದಕ್ಕೆ ಬೇರಾವ ದೂರದರ್ಶಕದಲ್ಲಿಯೂ ಜೊತೆ ಸಿಗದೆ, ಇಟಲಿಯ ವಿಜ್ಞಾನಿಗಳು ಗೆಮಿಂಗಾ ಎಂದು ಹೆಸರಿಟ್ಟರು. ಮಿಲಾನಿನ ಆಡುಮಾತಿನಲ್ಲಿ ಹಾಗೆಂದರೆ “ಅಲ್ಲೇನೂ ಇಲ್ಲ”. ಇಪ್ಪತ್ತು ವರ್ಷ ಹುಡುಕಿದ ಮೇಲೆ, ಅಲ್ಲಿರುವುದು ಏಡಿ ನೀಹಾರಿಕೆಯ ನಡುವಿರುವಂಥದೇ ಒಂದು ತಿರುಗುವ ನಕ್ಷತ್ರವೆಂದು ಗೊತ್ತಾಯಿತು.

ನಿರಂತರವಾಗಿ ಬರುವ ಕಿರಣಗಳ ಮಾತು ಹೀಗಾದರೆ, ಹೇಳದೆ ಕೇಳದೆ ಬಂದು ಮರೆಯಾಗುವ ಗಾಮಾ ಸ್ಫೋಟಗಳ ಕಥೆ ಇನ್ನೂ ವಿಚಿತ್ರ. ಪರಮಾಣು ಪರೀಕ್ಷೆಗಳನ್ನು ನಿಷೇಧಿಸುವ 1963ರ ಒಪ್ಪಂದವನ್ನು ಯಾರಾದರೂ ಮುರಿಯುತ್ತಾರೆಯೇ ಎಂದು ಕಾವಲು ಕಾಯಲು ಅಮೆರಿಕ ವೇಲಾ ಎಂಬ ಉಪಗ್ರಹಗಳನ್ನು ಹಾರಿಸಿತ್ತು. 1967ರ ಜುಲೈ 2ರಂದು ಅವುಗಳಿಗೆ ಗಾಮಾ ಕಿರಣಗಳ ಹೊಡೆತವೊಂದು ತಗುಲಿತು. ಬಾಂಬಿನ ಲಕ್ಷಣ ಅದರಲ್ಲಿರಲಿಲ್ಲ. ಅಂಥವು ಮತ್ತೆ ಮತ್ತೆ ಬಂದವು. ಬೇರೆಬೇರೆ ಉಪಗ್ರಹಗಳಿಗೆ ಅವು ತಲಪಿದ ಕಾಲದ ವ್ಯತ್ಯಾಸವನ್ನು ಲೆಕ್ಕಹಾಕಿ, ಅವು ಭೂಮಿಯಿಂದಾಗಲಿ ಸೂರ್ಯನಿಂದಾಗಲಿ ಬಂದವಲ್ಲವೆಂದು 1973ರಲ್ಲಿ ಪ್ರಕಟಿಸಿದರು. ಕಾರ್ಖಾನೆಯ ಭೋಂಗಾ ಒಂದೊಂದು ಊರಿಗೆ ಒಂದೊಂದು ಕ್ಷಣದಲ್ಲಿ ಕೇಳಿಸುತ್ತದೆ. ಮೂರು ಊರುಗಳಲ್ಲಿ ಕೇಳಿದ ಹೊತ್ತನ್ನು ನಿಖರವಾಗಿ ಬರೆದಿಟ್ಟರೆ, ಕಾರ್ಖಾನೆಯನ್ನು ಕಾಣದವನೂ ಅದಿರುವ ಜಾಗವನ್ನು ಹೇಳಬಲ್ಲ. ದಿಕ್ಕನ್ನು ತಿಳಿಯಲಾರದ ಸಣ್ಣ ಹರಳುಗಳು ಕೂಡ, ದೂರ ದೂರ ಹರಡಿಕೊಂಡಿದ್ದು ನಿಷ್ಠೆಯಿಂದ ಗಡಿಯಾರ ನೋಡಿದರೆ, ಒಟ್ಟಾಗಿ ದಿಕ್ಕನ್ನು ತೋರಿಸಬಲ್ಲವು. ಬಡ ದೇಶವೊಂದರ ಚಿಕ್ಕ ಉಪಕರಣಕ್ಕೂ ಈ ಸಭೆಯಲ್ಲಿ ಸ್ಥಾನವುಂಟೆಂಬುದು ಗಮನಿಸಬೇಕಾದ ಸಂಗತಿ.

ಭಾರತದಲ್ಲಿ ಆ ಸ್ಥಾನಕ್ಕಾಗಿ ನಡೆದ ಪ್ರಯತ್ನದ ಮನೆ ಬೆಂಗಳೂರು. ಅದಕ್ಕೆ ಅಡಿಪಾಯ ಹಾಕಿದವರು ಉಡುಪಿಯ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಉಡುಪಿ ರಾಮಚಂದ್ರ ರಾವ್. ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯಿಯವರ ಕೈಕೆಳಗೆ ವಿಶ್ವಕಿರಣಗಳನ್ನು ಅಭ್ಯಸಿಸಿ, ಎಕ್ಸ್‌ಪ್ಲೋರರ್-11 ಹಾರಿದ ವರ್ಷವೇ ಅದರ ಉಪಕರಣ ಸಿದ್ಧವಾಗಿದ್ದ ಮ್ಯಾಸಚೂಸೆಟ್ಸ್ ಸಂಸ್ಥೆಗೆ ಹೋಗಿ ಸಂಶೋಧನೆ ನಡೆಸಿ, 1966ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಮುಂದೆ ಅವರ ನೇತೃತ್ವದಲ್ಲಿ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಆರ್ಯಭಟ ರೂಪುಗೊಂಡಿತು. ಸ್ಥಳದ ಅಭಾವ ಎಷ್ಟಿತ್ತೆಂದರೆ, ಅದರ ಸಂಕೇತಗಳನ್ನು ಬೆಂಗಳೂರಿನಲ್ಲಿ ಸ್ವೀಕರಿಸುವ ಕೇಂದ್ರವನ್ನು ಶೌಚಾಲಯವೊಂದನ್ನು ಮಾರ್ಪಡಿಸಿ ಮಾಡಿಕೊಂಡಿದ್ದರು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ಮೇಲೆ ಏರಿದ ಆ 360 ಕಿಲೋಗ್ರಾಂ ಉಪಗ್ರಹದಲ್ಲಿ ಮೂರು ಪ್ರಯೋಗಗಳಿದ್ದವು. ಒಂದು ಕ್ಷಕಿರಣ ಖಗೋಳಕ್ಕೆ, ಒಂದು ಅಯಾನುಗೋಳಕ್ಕೆ, ಮತ್ತೊಂದು ಸೂರ್ಯನಿಂದ ಬರುವ ನ್ಯೂಟ್ರಾನು ಹಾಗೂ ಗಾಮಾ ಕಿರಣಗಳಿಗೆ. ಐದನೆಯ ದಿನ ವಿದ್ಯುತ್ ಪೂರೈಕೆಯಲ್ಲಿ ದೋಷ ತಲೆದೋರಿ ಪ್ರಯೋಗಗಳನ್ನು ನಿಲ್ಲಿಸಬೇಕಾಯಿತು. ಉಪಗ್ರಹ ಉಳಿಯಿತು, ವರ್ಷಗಟ್ಟಲೆ ಸಂಕೇತ ಕಳಿಸುತ್ತಲೂ ಇತ್ತು. ಆದರೆ ಅದರ ಕಣ್ಣು ಮುಚ್ಚಿತ್ತು.

ಒಂದು ದಶಕದ ತರುವಾಯ ಬೆಂಗಳೂರಿನ ಉಪಗ್ರಹ ಕೇಂದ್ರದ ವಿಜ್ಞಾನಿಗಳು ಗಾಮಾ ಸ್ಫೋಟಗಳನ್ನು ಹಿಡಿಯುವ ಉಪಕರಣವೊಂದನ್ನು ಸಿದ್ಧಪಡಿಸಿದರು. ಟಿ. ಎಂ. ಕೆ. ಮಾರಾರ್, ಎಸ್. ಸೀತಾ ಮೊದಲಾದವರು ಈ ಕೆಲಸದಲ್ಲಿ ತೊಡಗಿದ್ದರು. ಸೀಸಿಯಂ ಅಯೊಡೈಡಿನ ಎರಡು ಹರಳುಗಳು: ಒಂದು ದೊಡ್ಡದು, ಮತ್ತೊಂದು, ದೊಡ್ಡದು ಕೈಕೊಟ್ಟರೆ ಇರಲೆಂದು, ಚಿಕ್ಕದು. ದೊಡ್ಡದೆಂದರೂ ಅಂಗೈಯಲ್ಲಿ ಹಿಡಿಸುವಷ್ಟು. 20,000 ಇಲೆಕ್ಟ್ರಾನ್ ವೋಲ್ಟಿನಿಂದ 30 ಲಕ್ಷ ಇಲೆಕ್ಟ್ರಾನ್ ವೋಲ್ಟಿನವರೆಗಿನ ಕಿರಣಗಳು ಅದರ ಪಾಲಿನ ಆಹಾರ. ಕಣ್ಣಿಗೆ ಕಾಣುವ ಬೆಳಕಿನ ಕಣಕ್ಕೆ ಎರಡು ಮೂರು ಇಲೆಕ್ಟ್ರಾನ್ ವೋಲ್ಟಿನ ಶಕ್ತಿ ಮಾತ್ರ.

ಇಂಥ ಉಪಕರಣವನ್ನು ರಚಿಸುವಾಗ ಎದುರಾಗುವ ಪ್ರಶ್ನೆಗಳು ಪ್ರಯೋಗಶಾಲೆಯ ಮೇಜಿನ ಮೇಲೆ ಏಳುವಂಥವಲ್ಲ. ಇಡೀ ಉಪಗ್ರಹಕ್ಕೆ ದೊರೆಯುವ ವಿದ್ಯುತ್ತು ಒಂದು ದೀಪಕ್ಕೆ ಬೇಕಾಗುವಷ್ಟು ಮಾತ್ರ. ಅದರಲ್ಲಿ ಉಪಕರಣಕ್ಕೆ ಸಲ್ಲುವುದು ಚಿಟಿಕೆಯಷ್ಟು. ಗಾಜಿನ ಕೊಳವೆಗಾದರೋ ಸಾವಿರ ವೋಲ್ಟಿನ ಆಸುಪಾಸಿನ ಒತ್ತಡ ಬೇಕು. ಹರಳು ತೇವವನ್ನು ಹೀರುವ ಜಾತಿಯದು; ಉಡಾವಣೆಗೆ ಮೊದಲಿನ ದಿನಗಳನ್ನು ಅದು ಕಳೆಯುವುದೋ ಸಮುದ್ರತೀರದ ಶ್ರೀಹರಿಕೋಟದಲ್ಲಿ. ರಾಕೆಟ್ಟಿನ ನಡುಕಕ್ಕೆ ಗಾಜು ಒಡೆಯಬಾರದು. ಕತ್ತಲೆಯ ಚಳಿಗೂ ಬಿಸಿಲಿನ ಬೇಗೆಗೂ ಮಿಣುಕಿನ ಅಳತೆ ಬದಲಾಗಬಾರದು. ಭೂಮಿಯ ಕಾಂತಕ್ಷೇತ್ರಕ್ಕೆ ಸಿಕ್ಕ ವಿದ್ಯುತ್ಕಣಗಳು ದಕ್ಷಿಣ ಅಟ್ಲಾಂಟಿಕ್ ಸಾಗರದ ಮೇಲೆ ತೀರ ಕೆಳಕ್ಕೆ ಇಳಿದಿರುತ್ತವೆ. ಆ ಪ್ರದೇಶದ ಮೇಲೆ ಹಾಯುವಾಗ ಹರಳು ಎಣಿಸಲಾರದಷ್ಟು ಮಿಣುಕುತ್ತದೆ, ಆಗ ಉಪಕರಣ ತಾನಾಗಿಯೇ ಕಣ್ಣು ಮುಚ್ಚಬೇಕು. ಯಾವಾಗ ನೋಡಬಾರದೆಂಬುದನ್ನೂ ಅದಕ್ಕೆ ಮೊದಲೇ ಕಲಿಸಿರಬೇಕು.

ಎಲ್ಲಕ್ಕಿಂತ ಸೊಗಸಾದದ್ದು ನೆನಪಿನ ವ್ಯವಸ್ಥೆ. ಸ್ಫೋಟ ಯಾವಾಗ ಬರುವುದೆಂದು ಯಾರೂ ಹೇಳಲಾರರು. ಬಂದ ಮೇಲೆ ಬರೆಯತೊಡಗಿದರೆ ಅದರ ಆರಂಭವೇ ಕಳೆದುಹೋಗುತ್ತದೆ. ಎಲ್ಲವನ್ನೂ ಬರೆದಿಡುವಷ್ಟು ಜಾಗ ಆ ಕಾಲದ ಸ್ಮೃತಿಕೋಶಗಳಲ್ಲಿ ಇರಲಿಲ್ಲ. ಆದುದರಿಂದ ಉಪಕರಣ ಸದಾ ಬರೆಯುತ್ತಿರುತ್ತದೆ, ಸದಾ ಅಳಿಸುತ್ತಿರುತ್ತದೆ. ಎಣಿಕೆ ಒಮ್ಮೆಗೇ ಮೇಲಕ್ಕೆ ಜಿಗಿದ ಕ್ಷಣ ಅಳಿಸುವುದನ್ನು ನಿಲ್ಲಿಸಿ, ಹಿಂದಿನ ಕೆಲವು ಗಳಿಗೆಗಳನ್ನೂ ಮುಂದಿನವನ್ನೂ ಜೋಪಾನವಾಗಿ ಕಾಪಿಡುತ್ತದೆ. ನೆಲದ ಮೇಲಿನ ನಿಲ್ದಾಣಕ್ಕೆ ಅದನ್ನು ಒಪ್ಪಿಸಿದ ಮೇಲೆ ಮತ್ತೆ ಅದೇ ಬರೆಯುವ, ಅಳಿಸುವ ಕಾಯಕ.

ಇಷ್ಟು ಎಚ್ಚರಿಕೆಯಿಂದ ಕಟ್ಟಿದ ಉಪಕರಣ, 150 ಕಿಲೋಗ್ರಾಂ ತೂಕದ ಸ್ರಾಸ್-1 ಉಪಗ್ರಹದೊಳಗೆ ಕುಳಿತು 1987ರ ಮಾರ್ಚ್ 24ರಂದು ಶ್ರೀಹರಿಕೋಟದಿಂದ ಹೊರಟಿತು. ಹೊಸ ರಾಕೆಟ್ಟಾದ ಎ. ಎಸ್. ಎಲ್. ವಿ.ಯ ಮೊದಲ ಹಾರಾಟವದು. ಪಕ್ಕದ ಮೋಟಾರುಗಳು ಉರಿದು ತೀರಿದ ಮೇಲೆ ಹೊತ್ತಿಕೊಳ್ಳಬೇಕಾಗಿದ್ದ ಮೊದಲ ಹಂತ ಹೊತ್ತಿಕೊಳ್ಳಲಿಲ್ಲ. ರಾಕೆಟ್ಟೂ ಉಪಗ್ರಹವೂ ಬಂಗಾಳ ಕೊಲ್ಲಿಯ ಪಾಲಾದವು. ಉಪಕರಣದಲ್ಲಿ ಯಾವ ದೋಷವೂ ಇರಲಿಲ್ಲ; ದೋಷವಿದೆಯೋ ಇಲ್ಲವೋ ಎಂದು ತೋರಿಸುವ ಅವಕಾಶವೇ ಅದಕ್ಕೆ ಸಿಗಲಿಲ್ಲ.

ಮತ್ತೊಂದನ್ನು ಕಟ್ಟಿದರು. 1988ರ ಜುಲೈ 13ರಂದು ಅದು ಸ್ರಾಸ್-2ರಲ್ಲಿ ಹೊರಟಿತು. ಈ ಬಾರಿ ಮೊದಲ ಹಂತ ಹೊತ್ತಿಕೊಂಡಿತು, ಆದರೆ ವಾಯುಮಂಡಲದ ದಟ್ಟ ಪದರದಲ್ಲಿ ರಾಕೆಟ್ ಹತೋಟಿ ತಪ್ಪಿ ಮುರಿಯಿತು. ಎರಡನೆಯ ಹರಳುಗಳೂ ಮೊದಲನೆಯವುಗಳಿದ್ದ ಕಡಲನ್ನೇ ಸೇರಿದವು. ಕೊಯ್ಲಿಗೆ ಬಂದ ಬೆಳೆ ಒಂದು ವರ್ಷ ಹೊಳೆಯ ಪಾಲಾದಾಗ ರೈತ ಮತ್ತೆ ಬಿತ್ತುತ್ತಾನೆ. ಮರುವರ್ಷವೂ ಹೊಳೆ ಬಂದರೆ? ಘಟಪ್ರಭೆಯ ದಂಡೆಯವರಿಗೆ ಈ ಪ್ರಶ್ನೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ನಡುವೆ 1991ರಲ್ಲಿ ಅಮೆರಿಕದ ಕಾಂಪ್ಟನ್ ವೀಕ್ಷಣಾಲಯ ಮೇಲೇರಿ, ಎಂಟು ಮೂಲೆಗಳಲ್ಲಿ ಎಂಟು ಮಹಾ ಹರಳುಗಳನ್ನಿಟ್ಟುಕೊಂಡು ಸರಾಸರಿ ದಿನಕ್ಕೊಂದರಂತೆ ಸ್ಫೋಟಗಳನ್ನು ಹಿಡಿಯತೊಡಗಿತು. ಅಂಗೈಯಗಲದ ಹರಳನ್ನು ಇನ್ನು ಕಳುಹಿಸಿ ಆಗಬೇಕಾದುದೇನು ಎಂದು ಯಾರಾದರೂ ಕೇಳಿದ್ದರೆ ಅದು ಅನ್ಯಾಯದ ಪ್ರಶ್ನೆಯಾಗುತ್ತಿರಲಿಲ್ಲ. ಆದರೆ ಭೋಂಗಾದ ಹೊತ್ತನ್ನು ಬರೆದಿಡಲು ಊರುಗಳು ಎಷ್ಟಿದ್ದರೂ ಹೆಚ್ಚಲ್ಲ. ಅದಕ್ಕಿಂತ ಮುಖ್ಯವಾಗಿ, ಗಾಮಾ ಕಿರಣವನ್ನು ಬಾಹ್ಯಾಕಾಶದಲ್ಲಿ ಎಣಿಸುವ ವಿದ್ಯೆ ಓದಿ ಬರುವಂಥದಲ್ಲ, ಮಾಡಿಯೇ ಬರಬೇಕು.

ಮೂರನೆಯ ಉಪಕರಣ 1992ರ ಮೇ 20ರಂದು ಸ್ರಾಸ್-ಸಿ ಎಂಬ 106 ಕಿಲೋಗ್ರಾಂ ಉಪಗ್ರಹದಲ್ಲಿ ಮೇಲೇರಿತು. ರಾಕೆಟ್ ಕೆಡಲಿಲ್ಲ. ಆದರೆ ಉಪಗ್ರಹ ಸೇರಿದ ಕಕ್ಷೆ ನಿಗದಿಯಾದುದಕ್ಕಿಂತ ಕೆಳಗಿನದು. ಭೂಮಿಗೆ ಅತಿ ಸಮೀಪ ಬಂದಾಗ ಎತ್ತರ ಕೇವಲ 267 ಕಿಲೋಮೀಟರ್. ಅಲ್ಲಿರುವ ವಿರಳವಾದ ಗಾಳಿಯ ತಡೆಗೆ ಕಕ್ಷೆ ದಿನದಿನಕ್ಕೆ ಕುಗ್ಗಿ, ಜುಲೈ 14ರಂದು ಉಪಗ್ರಹದ ಆಯುಸ್ಸು ಮುಗಿಯಿತು. ಎರಡು ತಿಂಗಳೂ ತುಂಬದ ಬಾಳು! ಆದರೂ ಉಪಕರಣ ಕಣ್ಣು ತೆರೆದಿತ್ತು.

1994ರ ಮೇ 4ರಂದು ಸ್ರಾಸ್-ಸಿ2 ಹೊರಟಿತು. ಈ ಸಲ ಎಲ್ಲವೂ ಸರಿಹೋಯಿತು. ಉಪಗ್ರಹದೊಳಗಿನ ಇಂಧನವನ್ನು ಬಳಸಿ ಕಕ್ಷೆಯನ್ನು ತಿದ್ದಿ, 430 ಕಿಲೋಮೀಟರಿಗಿಂತ ಕೆಳಗೆ ಇಳಿಯದಂತೆ ನಿಲ್ಲಿಸಿದರು. ಆರು ತಿಂಗಳು ಬಾಳಿದರೆ ಸಾಕೆಂದುಕೊಂಡಿದ್ದ ಉಪಗ್ರಹ ವರ್ಷಗಟ್ಟಲೆ ದುಡಿಯಿತು. ಅಂಗೈಯಗಲದ ಹರಳು ಹಲವಾರು ಸ್ಫೋಟಗಳನ್ನು ಎಣಿಸಿ, ಅವುಗಳ ಏರಿಳಿತವನ್ನು ಬರೆದು ಕಳುಹಿಸಿತು. ಕೆಲವನ್ನು ಕಾಂಪ್ಟನ್ ವೀಕ್ಷಣಾಲಯವೂ ಕಂಡಿತ್ತು. ಗ್ರಹಗಳ ನಡುವೆ ಚದುರಿದ್ದ ನೌಕೆಗಳು ಕಾಲವ್ಯತ್ಯಾಸದಿಂದ ದಿಕ್ಕು ಕಂಡುಹಿಡಿಯುವ ಜಾಲದಲ್ಲಿ ಬೆಂಗಳೂರಿನ ಉಪಕರಣದ ಹೆಸರೂ ಸೇರಿತು. ಮೊದಲನೆಯದು ಕಡಲಿಗೆ ಬಿದ್ದು ಆಗ ಏಳು ವರ್ಷಗಳಾಗಿದ್ದವು. ಈ ಸ್ಫೋಟಗಳು ನಮ್ಮ ಆಕಾಶಗಂಗೆಯೊಳಗಿನವೋ ಅದರಾಚೆಯವೋ ಎಂಬ ವಾದ 1997ರಲ್ಲಿ ಬಗೆಹರಿಯಿತು: ಅವು ಕೋಟ್ಯಂತರ ಜ್ಯೋತಿರ್ವರ್ಷಗಳಾಚೆಯ ಬೇರೆ ಬ್ರಹ್ಮಾಂಡಗಳಿಂದ ಬರುವಂಥವು.

ಅದೇ ಉಪಗ್ರಹ ಕೇಂದ್ರದಲ್ಲಿ ಮುಂದೆ ಜೋಡಣೆಗೊಂಡದ್ದು 1,513 ಕಿಲೋಗ್ರಾಂ ತೂಕದ ಆಸ್ಟ್ರೋಸ್ಯಾಟ್. 2015ರ ಸೆಪ್ಟೆಂಬರ್ 28ರಂದು ಹಾರಿದ ಈ ಉಪಗ್ರಹದ ಉಪಕರಣಗಳಲ್ಲಿ ಒಂದು, ಕ್ಷಕಿರಣ ಮತ್ತು ಗಾಮಾ ಕಿರಣಗಳ ಗಡಿಯಲ್ಲಿ ನಿಂತು ನೋಡುವಂಥದು. ದೇಶದ ಹಲವು ಸಂಸ್ಥೆಗಳು ಸೇರಿ ಅದನ್ನು ರಚಿಸಿದವು. ಮುಧೋಳದ ಕಡೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಬೆಳಕಿಂಡಿ ಇರುತ್ತದೆ. ಅದರಿಂದ ಇಳಿದ ಬಿಸಿಲಿನ ಬಿಲ್ಲೆ ನೆಲದ ಮೇಲೆ ಎಲ್ಲಿ ಬಿತ್ತೆಂದು ನೋಡಿ, ಸೂರ್ಯ ಎಷ್ಟು ಏರಿದನೆಂದು ಮನೆಯ ಹೆಣ್ಣುಮಕ್ಕಳು ಹೇಳುತ್ತಿದ್ದರು. ಈ ಉಪಕರಣದ ಉಪಾಯವೂ ಅದೇ. ಕನ್ನಡಿಯ ಬದಲು, ಟಾಂಟಲಂ ಲೋಹದ ತಗಡಿನಲ್ಲಿ ಒಂದು ಲೆಕ್ಕಾಚಾರದಂತೆ ಕೊರೆದ ನೂರಾರು ಬೆಳಕಿಂಡಿಗಳು. ಅವುಗಳ ಕೆಳಗೆ ನೆಲದ ಬದಲು 16,384 ಚಿಕ್ಕ ಮನೆಗಳಾಗಿ ಹಂಚಿದ ಅರೆವಾಹಕ ಹರಳುಗಳು. ನೆರಳು ಬಿದ್ದ ಬಗೆಯಿಂದ ದಿಕ್ಕನ್ನು ಲೆಕ್ಕ ಹಾಕುತ್ತಾರೆ.

ಈ ಉಪಕರಣದಲ್ಲಿ ಒಂದು ಸ್ವಾರಸ್ಯವಿದೆ. ಪಕ್ಕದಿಂದ ಬರುವ ಕಿರಣಗಳನ್ನು ತಡೆಯಲೆಂದು ಕಟ್ಟಿದ ಗೋಡೆಗಳು ಒಂದು ಲಕ್ಷ ಇಲೆಕ್ಟ್ರಾನ್ ವೋಲ್ಟಿನಾಚೆಗೆ ಪಾರದರ್ಶಕವಾಗುತ್ತವೆ. ಕೊರತೆಯೆಂದು ಕೊರಗಬಹುದಾಗಿದ್ದ ಈ ಗುಣದಿಂದಲೇ ಅದು ಆಕಾಶದ ಬಹುಭಾಗವನ್ನು ಒಮ್ಮೆಗೇ ಕಾಯುವ ಕಾವಲುಗಾರನಾಯಿತು. ಕೆಲಸಕ್ಕೆ ತೊಡಗಿದ ಮೊದಲ ದಿನ, 2015ರ ಅಕ್ಟೋಬರ್ 6ರಂದೇ, ಅದಕ್ಕೆ ಒಂದು ಸ್ಫೋಟ ಸಿಕ್ಕಿತು. ಈವರೆಗೆ ಸಿಕ್ಕವು ಐನೂರಕ್ಕೂ ಮಿಕ್ಕಿವೆ. ಇನ್ನೊಂದು ಸಂಗತಿ ಇದಕ್ಕಿಂತಲೂ ಹಿರಿದು. ಅಕ್ಕಪಕ್ಕದ ಎರಡು ಮನೆಗಳು ಒಮ್ಮೆಗೇ ಮಿಣುಕಿದರೆ ಅದನ್ನು ಗೊಂದಲವೆಂದು ಬಿಸಾಡುವುದು ವಾಡಿಕೆ. ಆದರೆ ಒಂದು ಮನೆಗೆ ಬಡಿದ ಕಿರಣ ಸಿಡಿದು ಪಕ್ಕದ ಮನೆಗೆ ಹಾರುವಾಗ, ಅದು ಹಾರುವ ದಿಕ್ಕಿನಲ್ಲಿ ಕಿರಣದ ಕಂಪನದ ದಿಕ್ಕು ಅಡಗಿರುತ್ತದೆ. ಕಿರಣ ಎಂಥ ಕಾಂತಕ್ಷೇತ್ರದಲ್ಲಿ ಹುಟ್ಟಿತೆಂಬುದಕ್ಕೆ ಅದು ಸಾಕ್ಷಿ. ಉಡಾವಣೆಗೆ ಮೊದಲೇ ನೆಲದ ಮೇಲೆ ಪರೀಕ್ಷಿಸಿ ಇದನ್ನು ಖಚಿತಪಡಿಸಿಕೊಂಡಿದ್ದ ವಿಜ್ಞಾನಿಗಳು ಆ ಜೋಡಿ ಮಿಣುಕುಗಳನ್ನು ಬಿಸಾಡದೆ ಕೂಡಿಟ್ಟರು. ಸಮೀರವಾಡಿಯಲ್ಲಿಯೂ ಹೀಗೆಯೇ. ರಸ ಹಿಂಡಿದ ಮೇಲೆ ಉಳಿದ ಕಬ್ಬಿನ ಸಿಪ್ಪೆ ಬಾಯ್ಲರಿಗೆ ಹೋಗಿ ಉರಿದು ವಿದ್ಯುತ್ತಾಗುತ್ತದೆ.

ಆ ಮಿಣುಕುಗಳನ್ನು ಹೆಕ್ಕಲು ಅವರು ಆರಿಸಿಕೊಂಡ ಗುರಿ ವೃಷಭದ ಕೊಂಬಿನ ಬಳಿಯ ಏಡಿ ನೀಹಾರಿಕೆ. ಸುಮಾರು ಒಂದೂವರೆ ವರ್ಷದ ಅವಧಿಯಲ್ಲಿ ಮತ್ತೆ ಮತ್ತೆ ಅದರತ್ತ ತಿರುಗಿ ಎಣಿಸಿದರು. ತಿರುಗುವ ನಕ್ಷತ್ರದ ದೀಪ ನಮ್ಮ ಕಡೆಗೆ ಬೀರುವಾಗ ಮಾತ್ರವಲ್ಲ, ಅದು ಅತ್ತ ತಿರುಗಿ ಮಂಕಾದಂತೆ ತೋರುವ ಗಳಿಗೆಯಲ್ಲಿಯೂ ಕಿರಣಗಳ ಕಂಪನ ಬದಲಾಗುತ್ತಲೇ ಇರುತ್ತದೆಂದು ಕಂಡುಬಂತು. ಯಾವ ಸಿದ್ಧಾಂತವೂ ಅದನ್ನು ಮುಂಚಿತವಾಗಿ ಹೇಳಿರಲಿಲ್ಲ. ಈ ಫಲಿತಾಂಶ ಪ್ರಕಟವಾದದ್ದು 2017ರ ನವೆಂಬರಿನಲ್ಲಿ. ಅದೇ ವರ್ಷದ ಜುಲೈ 24ರಂದು ರಾಮಚಂದ್ರ ರಾಯರು ತೀರಿಕೊಂಡಿದ್ದರು. ಪೀಣ್ಯದ ಶೆಡ್ಡುಗಳಿಂದ ಬೆಳೆದುಬಂದ ಆ ಉಪಗ್ರಹ ಕೇಂದ್ರಕ್ಕೆ ಈಗ ಅವರದೇ ಹೆಸರು.

ಏಡಿ ನೀಹಾರಿಕೆಯ ಕಿರಣಗಳು ಅಲ್ಲಿಂದ ಹೊರಟು ಸುಮಾರು 6,500 ವರ್ಷಗಳಾಗಿವೆ. ಚಳಿಗಾಲದ ರಾತ್ರಿಗಳಲ್ಲಿ ಅವು ಮುಧೋಳದ ಕಬ್ಬಿನ ಸೀಮೆಯ ನೆತ್ತಿಗೆ ಬಂದು, ನೆಲ ಇನ್ನು ಕೆಲವೇ ಹತ್ತು ಕಿಲೋಮೀಟರ್ ಇರುವಾಗ ಗಾಳಿಯಲ್ಲಿ ಕರಗಿಹೋಗುತ್ತವೆ. ಕೆಳಗೆ ಸಾಲಿನಲ್ಲಿ ಮುಂದಿನ ಬಂಡಿ ಸರಿಯುತ್ತದೆ. ತಂದೆ ಕಂಬಳಿ ಕೊಡವಿ ಎದ್ದು ನೊಗ ಹಿಡಿದು ಎತ್ತುಗಳನ್ನು ಎಬ್ಬಿಸುತ್ತಾನೆ. ಹೊರೆಯ ಮೇಲಿನ ಹುಡುಗ ಇಳಿದು, ಕಾಟಾದ ಅಂಕಿ ಕಾಣುವಷ್ಟು ಹತ್ತಿರಕ್ಕೆ ಹೋಗಿ ನಿಲ್ಲುತ್ತಾನೆ.